ಬೇತಾಳನ ಪಂಚಾಯಿತಿ

ಮನುಷ್ಯನಿಗೆ ಪರರ ಮೇಲೆ ಬರುವ ಸಿಟ್ಟಿಗಿಂತ ತನ್ನವರ ಮೇಲೆ ಬರುವ ಸಿಟ್ಟು ಹೆಚ್ಚು ಕಾವಿನದು. ಲೋಕಲ್ ಗಾಡಿಯಲ್ಲಿ ದಿನವೂ ಯಾರೋ ನಮ್ಮ ಕಾಲು ತುಳಿಯುತ್ತಾರೆ. ಮುಂದಿನ ಸ್ಟೇಶನ್ ಬರುವುದರೊಳಗೆ ಮರೆತುಬಿಡುತ್ತೇವೆ. ಸ್ವಂತ ಷಡ್ಡಕನು ಮಗಳ ಮದುವೆಯ ಕರೆಯೋಲೆಯಲ್ಲಿ ನಮ್ಮ ಹೆಸರು ಬಿಟ್ಟನೆಂದರೆ ಹತ್ತು ವರ್ಷ ಮಾತು ಬಿಡುತ್ತೇವೆ. ಕಥೆಗಳ ವಿಷಯದಲ್ಲಿಯೂ ಇದೇ ನ್ಯಾಯ. ನಮಗೆ ಬೇಡವಾದ ಕಥೆ ಕೆಟ್ಟರೆ ಅದರ ಪಾಡಿಗೆ ಅದು ಕೆಡುತ್ತದೆ. ಆದರೆ ನಾವು ಮೆಚ್ಚಿದ, ಮನೆಯವರೆಲ್ಲ ಕೂಡಿ ನೋಡಿದ, ಊಟದ ಹೊತ್ತಿನಲ್ಲಿ ನೆನೆನೆನೆದು ನಕ್ಕ ಕಥೆಯೊಂದಕ್ಕೆ ‘ಮುಂದಿನ ಭಾಗ’ ಬಂದು, ಅದು ನಮ್ಮ ಎಣಿಕೆಗೆ ತಪ್ಪಿತೆಂದರೆ ಕೇಳುವುದೇ ಬೇಡ. ಮನೆಯಲ್ಲಿ ನ್ಯಾಯಾಸ್ಥಾನವೇ ಕೂಡುತ್ತದೆ.

2025ರ ದೀಪಾವಳಿಯಲ್ಲಿ ಮುಲುಂದದ ನಮ್ಮ ಮನೆಯಲ್ಲಿ ಅಂಥ ನ್ಯಾಯಾಸ್ಥಾನ ಕೂಡಿತು. ಆರೋಪಿ, ಆ ಅಕ್ಟೋಬರ್ 21ರಂದು ತೆರೆ ಕಂಡ ‘ಥಾಮಾ’ ಎಂಬ ಹಿಂದೀ ಚಿತ್ರ. ನೆತ್ತರು ಹೀರುವ ಬೇತಾಳಗಳ ಕಥೆ. ವಾದಿಗಳು, ಕಾಲೇಜಿಗೆ ಹೋಗುವ ಮೊಮ್ಮಗಳು ಮತ್ತು ಹತ್ತನೆಯ ಇಯತ್ತೆಯ ಮೊಮ್ಮಗ. ಆರೋಪಿಯ ಪರವಾಗಿ ನಿಂತವಳು ನನ್ನ ಸಹಧರ್ಮಿಣಿ. ಸಾಕ್ಷಿಗೆಂದು ಮೇಲಿನ ಮಹಡಿಯ ಮರಾಠಿ ಗೃಹಸ್ಥರು ಚಕ್ಕುಲಿಯ ತಟ್ಟೆಯ ಬಳಿ ಕುಳಿತಿದ್ದರು. ನಾನು ನ್ಯಾಯಾಧೀಶ, ಎಂದರೆ ಎಲ್ಲರೂ ನೋಡಿ ಮಾತಾಡುವ, ಆದರೆ ಯಾರೂ ಮಾತು ಕೇಳದ ಮನುಷ್ಯ.

ಮೊಕದ್ದಮೆಯ ಪೂರ್ವೋತ್ತರವನ್ನು ಓದುಗರಿಗೆ ಹೇಳಬೇಕಷ್ಟೆ. ಮುಂಬಯಿಯ ಮ್ಯಾಡಾಕ್ ಎಂಬ ಸಂಸ್ಥೆ 2018ರಲ್ಲಿ ‘ಸ್ತ್ರೀ’ ಎಂಬ ಚಿತ್ರ ತೆಗೆಯಿತು. ಹೆದರಿಕೆ, ನಗೆ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿದ ಚಿತ್ರ. ಮಧ್ಯಪ್ರದೇಶದ ಚಂದೇರಿ ಎಂಬ ಊರಿಗೆ ರಾತ್ರಿ ಹೊತ್ತು ಹೆಣ್ಣುದೆವ್ವವೊಂದು ಬಂದು ಗಂಡಸರನ್ನು ಒಯ್ಯುತ್ತದೆ. ಊರವರು ಮನೆಯ ಗೋಡೆಯ ಮೇಲೆ ‘ಎಲೌ ಸ್ತ್ರೀ, ನಾಳೆ ಬಾ’ ಎಂಬರ್ಥದ ಮಾತನ್ನು ಬರೆದು ಪಾರಾಗುತ್ತಾರೆ. ಚಿತ್ರ ಗೆದ್ದಿತು. ಅದರ ಬೆನ್ನಿಗೆ 2022ರಲ್ಲಿ ತೋಳಮನುಷ್ಯನ ‘ಭೇಡಿಯಾ’, 2024ರ ಜೂನಿನಲ್ಲಿ ಕೊಂಕಣದ ‘ಮುಂಜ್ಯಾ’, ಅದೇ ವರ್ಷ ಆಗಸ್ಟ್ 15ಕ್ಕೆ ‘ಸ್ತ್ರೀ 2’ ಬಂದವು. ಒಂದರ ಭೂತ ಇನ್ನೊಂದರ ಮನೆಗೆ ನೆಂಟನಾಗಿ ಬರುವಂತೆ ಎಲ್ಲವನ್ನೂ ಹೆಣೆದಿದ್ದಾರೆ. ಆ ಸಾಲಿನಲ್ಲಿ ‘ಥಾಮಾ’ ಐದನೆಯದು. ‘ಮುಂಜ್ಯಾ’ ತೆಗೆದ ಆದಿತ್ಯ ಸರ್ಪೋತದಾರರೇ ಇದರ ನಿರ್ದೇಶಕರು. ನಾಯಕ ಆಯುಷ್ಮಾನ್ ಖುರಾನಾ. ಬೇತಾಳ ಕುಲದ ಹುಡುಗಿಯಾಗಿ ವಿರಾಜಪೇಟೆಯ ರಶ್ಮಿಕಾ ಮಂದಣ್ಣ. 2016ರ ‘ಕಿರಿಕ್ ಪಾರ್ಟಿ’ಯಲ್ಲಿ ಕನ್ನಡ ಆಡಿದ ಹುಡುಗಿಯ ಬಾಯಲ್ಲಿ ಈಗ ಕೋರೆಹಲ್ಲು. “ಕೊಡಗಿನ ಕೂಸು ಎಷ್ಟು ದೂರ ಬಂತು ನೋಡಿ,” ಎಂದು ನಮ್ಮಾಕೆ ಚಿತ್ರ ಮುಗಿಯುವ ಮೊದಲೇ ಆರೋಪಿಯನ್ನು ಅರ್ಧ ಖುಲಾಸೆ ಮಾಡಿದ್ದಳು.

ಮೊಮ್ಮಗಳ ಫಿರ್ಯಾದು ಮೂರು ಕಲಮಿನದು. ಒಂದು, ನಗೆ ಕಡಿಮೆಯಾಗಿ ಹಾಡುಕುಣಿತ ಹೆಚ್ಚಾಯಿತು. ಎರಡು, ಭಯವೇ ಆಗಲಿಲ್ಲ. ಮೂರನೆಯದು ಮುಖ್ಯವಾದುದು: “ಅಜ್ಜ, ಇದು ಕಥೆಯಲ್ಲ, ಮುಂದಿನ ಕಥೆಯ ಜಾಹೀರಾತು. ನಡುವೆ ತೋಳಮನುಷ್ಯ ಬಂದು ಹೊಡೆದಾಡಿ ಹೋದ. ಅವನೇಕೆ ಬಂದ? ಇನ್ನೊಂದು ಚಿತ್ರ ಬರಲಿದೆಯೆಂದು ಹೇಳುವುದಕ್ಕೆ. ನಾವು ದುಡ್ಡು ಕೊಟ್ಟದ್ದು ಈ ಚಿತ್ರಕ್ಕಲ್ಲವೇ?” ಮೊಮ್ಮಗನದು ಒಂದೇ ಮಾತು, “ಸ್ತ್ರೀ ಮೊದಲನೆಯದೇ ಸರಿ.” ಇವರಿಬ್ಬರೇ ಹೀಗೆನ್ನುತ್ತಿದ್ದರೆ ಬಿಡಬಹುದಿತ್ತು. ಪತ್ರಿಕೆಗಳ ವಿಮರ್ಶಕರೂ ಎರಡು ಪಂಗಡವಾಗಿದ್ದರು. ಗಳಿಕೆಯಲ್ಲಿಯೂ ಚಿತ್ರ ‘ಸ್ತ್ರೀ 2’ರ ಹತ್ತಿರ ಸುಳಿಯಲಿಲ್ಲ.

ಅಭಿಮಾನಿಗಳ ಈ ಸಿಟ್ಟು ಹೊಸದೇನಲ್ಲ. 1893ರಲ್ಲಿ ಕಾನನ್ ಡಾಯ್ಲ್ ತನ್ನ ಪತ್ತೇದಾರ ಶರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ಕೆಡವಿದಾಗ, ಆ ಕಥೆ ಬರುತ್ತಿದ್ದ ‘ಸ್ಟ್ರಾಂಡ್’ ಪತ್ರಿಕೆಯ ಚಂದಾವನ್ನು ಸಾವಿರಾರು ಜನ ನಿಲ್ಲಿಸಿದರೆಂದು ಹೇಳುತ್ತಾರೆ. ಹತ್ತು ವರ್ಷದ ಮೇಲೆ, 1903ರಲ್ಲಿ, ಡಾಯ್ಲ್ ಆತನನ್ನು ಬದುಕಿಸಲೇಬೇಕಾಯಿತು. ನೆತ್ತರು ಹೀರುವವರ ಕಥೆಯಲ್ಲಿಯೇ ಇನ್ನೊಂದು ನಿದರ್ಶನವಿದೆ. ಅಮೆರಿಕದ ಸ್ಟೆಫನಿ ಮೇಯರ್ ಎಂಬಾಕೆಯ ‘ಟ್ವೈಲೈಟ್’ ಮಾಲೆಯ ನಾಲ್ಕನೆಯ ಪುಸ್ತಕ 2008ರ ಆಗಸ್ಟಿನಲ್ಲಿ ಬಂದಾಗ ಮೊದಲ ದಿನವೇ ಆ ದೇಶದಲ್ಲಿ 13 ಲಕ್ಷ ಪ್ರತಿ ಮಾರಾಟವಾಯಿತು. ಅದನ್ನು ಓದಿ ಮುಗಿಸಿದ ಕೆಲವರು, ಸುಡುವುದು ಬೇಡ, ಅಂಗಡಿಗೇ ಹಿಂದಿರುಗಿಸೋಣ ಎಂದು ಚಳವಳಿ ಹೂಡಿದರು. ನಾಯಕಿ ಯಾವ ಬೆಲೆಯನ್ನೂ ತೆರದೆ ಎಲ್ಲ ಸುಖವನ್ನೂ ಪಡೆದಳೆಂಬುದು ಅವರ ದೂರುಗಳಲ್ಲೊಂದು. ವಿಚಾರಮಾಡಿದರೆ ಅದು ಧರ್ಮಸೂಕ್ಷ್ಮದ ದೂರು. ಕಷ್ಟಪಡದೆ ಬಂದ ಫಲವನ್ನು ಓದುಗನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಮುಂದಿನ ಭಾಗವನ್ನು ಯಾರೂ ಮೆಚ್ಚುವಂತಿಲ್ಲವೇ? ಹಾಗೆನ್ನುವಂತಿಲ್ಲ. ಒಂದು ಬೇತಾಳ ನಮ್ಮ ಮುಂದೆಯೇ ತಲೆಮಾರುಗಟ್ಟಲೆ ಮುಂದಿನ ಭಾಗ ಹೇಳಿತು, ಒಬ್ಬರೂ ಬೈಯಲಿಲ್ಲ. ‘ಚಂದಮಾಮ’ದ ಬೇತಾಳವನ್ನು ನೆನೆಯಿರಿ. ನಾಗಿರೆಡ್ಡಿ, ಚಕ್ರಪಾಣಿಯವರು ಮದರಾಸಿನಲ್ಲಿ ಆರಂಭಿಸಿದ ಆ ಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂತು. ಈಗ ಅದು ನಿಂತುಹೋಗಿದೆ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ: ಚಿತ್ರಕಾರ ಶಂಕರ್ ಬರೆದ ವಿಕ್ರಮನ ಆ ಚಿತ್ರ, ಅವರು 2020ರಲ್ಲಿ ತೀರಿಕೊಂಡ ಮೇಲೂ, ನಮ್ಮ ವಯಸ್ಸಿನವರ ಕಣ್ಣಿಗೆ ಕಟ್ಟಿದಂತಿದೆ. ಮೂಲದಲ್ಲಿ ಬೇತಾಳ ಹೇಳಿದ್ದು ಇಪ್ಪತ್ತೈದೇ ಕಥೆ. ಕಾಶ್ಮೀರದ ಸೋಮದೇವ 11ನೆಯ ಶತಮಾನದಲ್ಲಿ ‘ಕಥಾಸರಿತ್ಸಾಗರ’ದೊಳಗೆ ಅದನ್ನು ಸೇರಿಸಿದ್ದಾನೆ. ಕೊನೆಯ ಪ್ರಶ್ನೆಗೆ ಉತ್ತರ ತೋಚದೆ ರಾಜ ಸುಮ್ಮನಾಗುತ್ತಾನೆ, ಅಲ್ಲಿಗೆ ಆಟ ಮುಗಿಯುತ್ತದೆ. ಚಂದಮಾಮದವರು ಆ ಮುಗಿತಾಯವನ್ನು ಮುಟ್ಟಲೇ ಇಲ್ಲ. ತಾವೇ ಹೊಸ ಹೊಸ ಕಥೆ ಕಟ್ಟಿ, ದಶಕಗಳ ಕಾಲ ಬೇತಾಳವನ್ನು ತಿಂಗಳು ತಿಂಗಳೂ ಮರಕ್ಕೆ ಏರಿಸಿದರು. ಅದನ್ನು ಓದುತ್ತಿದ್ದ ನಾವು ಯಾರೂ ಪ್ರತಿ ಹಿಂದಿರುಗಿಸಲಿಲ್ಲ. ಏಕೆಂದರೆ ಮೊದಲೂ ಕೊನೆಯೂ ಅದೇ ಇದ್ದರೂ ನಡುವೆ ಪ್ರತಿ ತಿಂಗಳೂ ಒಂದು ಪೂರ್ತಿ ಕಥೆಯಿರುತ್ತಿತ್ತು. ಒಂದು ನ್ಯಾಯದ ಪ್ರಶ್ನೆ, ಅದಕ್ಕೊಂದು ಉತ್ತರ. ಬೇತಾಳ ಹಾರಿಹೋದರೂ ನಮ್ಮ ಕೈ ಬರಿದಾಗಿರಲಿಲ್ಲ. ಮೊಮ್ಮಗಳ ಮೂರನೆಯ ಕಲಮನ್ನು ನಾನು ಎತ್ತಿಹಿಡಿದದ್ದು ಈ ಆಧಾರದ ಮೇಲೆ. ನಾಳೆಯ ಊಟದ ವರ್ಣನೆ ಮಾಡುತ್ತ ಇಂದಿನ ಎಲೆಗೆ ಅನ್ನ ಕಡಿಮೆ ಬಡಿಸುವುದು ಯಜಮಾನಿಕೆಯಲ್ಲ.

ಇನ್ನು ಸಹಧರ್ಮಿಣಿಯ ವಾದ. “ಬೇತಾಳ ರಕ್ತ ಕುಡಿಯುತ್ತದೆಂದು ಯಾರು ಹೇಳಿದರು?” ಎಂದು ಆಕೆ ಮೊದಲಿಗೇ ಕೇಳಿದಳು. ಪ್ರಶ್ನೆ ಹಗುರವಾದುದಲ್ಲ. ವಿಕ್ರಮನ ಬೇತಾಳ ಹೆಣದೊಳಗೆ ಹೊಕ್ಕು ಮರಕ್ಕೆ ತೂಗುತ್ತದೆ, ತರ್ಕ ಮಾಡುತ್ತದೆ, ಕಡೆಗೆ ಕಪಟ ಸನ್ಯಾಸಿಯ ಹಂಚಿಕೆಯನ್ನು ಬಯಲುಮಾಡಿ ರಾಜನ ಪ್ರಾಣವನ್ನೇ ಉಳಿಸುತ್ತದೆ. ನೆತ್ತರು ಹೀರಿ ಬಾಳುವ ಪೈಕಿಯದಲ್ಲ. 1870ರಲ್ಲಿ ರಿಚರ್ಡ್ ಬರ್ಟನ್ ಈ ಕಥೆಗಳನ್ನು ಇಂಗ್ಲಿಷಿಗೆ ಒಯ್ದಾಗ ಬೇತಾಳಕ್ಕೆ ‘ವ್ಯಾಂಪೈರ್’ ಎಂದು ಹೆಸರಿಟ್ಟ. 1897ರಲ್ಲಿ ಬ್ರಾಮ್ ಸ್ಟೋಕರನ ಡ್ರಾಕುಲಾ ಬಂದ ಮೇಲೆ ಆ ಹೆಸರಿಗೆ ಕೋರೆಹಲ್ಲೂ ಕರಿನಿಲುವಂಗಿಯೂ ಅಂಟಿಕೊಂಡವು. ನಮ್ಮ ಮುಂಬಯಿಯಲ್ಲಿಯೇ ರಾಮ್ಸೆ ಸೋದರರು 1990ರಲ್ಲಿ ತೆಗೆದ ‘ಬಂದ್ ದರ್ವಾಜಾ’ದ ಪಿಶಾಚಿ ಡ್ರಾಕುಲಾನ ಖಾಸಾ ತಮ್ಮನಂತಿತ್ತು. ‘ಥಾಮಾ’ದ ಬೇತಾಳಕ್ಕೂ ಹಲ್ಲು ಅಲ್ಲಿಂದಲೇ ಬಂದಿದೆ.

ಆಗ ಮರಾಠಿ ಗೃಹಸ್ಥರು ಸಾಕ್ಷಿ ನುಡಿದರು. ಅವರ ಕಡೆ ವೇತಾಳನೆಂದರೆ ದೇವರು. ಪುಣೆಯಲ್ಲಿ ಅವನ ಹೆಸರಿನ ಗುಡ್ಡವೇ ಇದೆ. ಗೋವೆಯ ಆಮೋಣೆ, ಲೋಲಿಯೆ ಮೊದಲಾದ ಊರುಗಳಲ್ಲಿ ಬೇತಾಳನು ಗ್ರಾಮವನ್ನು ಕಾಯುವವನು. ರಾತ್ರಿಯೆಲ್ಲ ಊರ ಸುತ್ತ ಪಹರೆ ತಿರುಗಿ ಅವನ ಪಾದರಕ್ಷೆ ಸವೆಯುತ್ತದೆಂದು ನಂಬಿ ಭಕ್ತರು ಹೊಸ ಚರ್ಮದ ಚಪ್ಪಲಿ ಒಪ್ಪಿಸುವ ಪದ್ಧತಿಯುಂಟು. “ನಮ್ಮ ಕಟ್ಟಡದ ವಾಚ್‌ಮನ್‌ಗೆ ವರ್ಷಕ್ಕೊಂದು ಜೊತೆ ಕೊಡಲು ನಿಮ್ಮ ಕಮಿಟಿ ಮೂರು ಸಭೆ ಮಾಡುತ್ತದೆ,” ಎಂದು ಸಹಧರ್ಮಿಣಿ ನನ್ನನ್ನು ನೋಡಿದಳು. ಅದು ಬೇರೆ ಮೊಕದ್ದಮೆ.

ಆಕೆಯ ವಾದದ ತಿರುಳು ಇದು. ಚಿತ್ರದ ಬೇತಾಳಗಳು ಹಿಂದೆ ಮನುಷ್ಯರನ್ನು ಕಾಯುತ್ತಿದ್ದವು. 1947ರ ದೇಶವಿಭಜನೆಯ ಹತ್ಯಾಕಾಂಡವನ್ನು ಕಂಡು, ಮನುಷ್ಯನ ನೆತ್ತರಲ್ಲಿ ವಿಷವಿದೆಯೆಂದು ಅದನ್ನು ಮುಟ್ಟದ ವ್ರತ ಹಿಡಿಯುತ್ತವೆ. “ಪಿಶಾಚಿಗೂ ಬೇಡವಾದ ನೆತ್ತರು ನಮ್ಮದು ಎಂದು ಹೇಳಿದ್ದಾರಲ್ಲ, ಆ ಒಂದು ಮಾತಿಗೆ ನಾನು ಟಿಕೇಟಿನ ದುಡ್ಡು ಬಿಟ್ಟೆ,” ಎಂದಳು ಸಹಧರ್ಮಿಣಿ. ಯಾರೂ ಮಾತಾಡಲಿಲ್ಲ. ಮುಲುಂದದ ನಮ್ಮ ಹಳೆಯ ನೆರೆಹೊರೆಯಲ್ಲಿ ಸಿಂಧದಿಂದ ಬರಿಗೈಯಲ್ಲಿ ಬಂದ ಕುಟುಂಬಗಳಿದ್ದವು. ಆ ರಾಮ್ಸೆಯವರ ಮನೆತನವೂ ವಿಭಜನೆಯ ಕಾಲಕ್ಕೆ ಕರಾಚಿ ಬಿಟ್ಟು ಮುಂಬಯಿಗೆ ಬಂದದ್ದೇ. ಊರು ಬಿಟ್ಟು ಬಂದವರು ದೆವ್ವದ ಕಥೆ ಹೇಳಿ ಅನ್ನ ಕಂಡರು. ಆ ಎಳೆಯನ್ನು ಹಿಡಿದು ಇನ್ನೂ ಎರಡು ಗೇಣು ಇಳಿದಿದ್ದರೆ ಚಿತ್ರ ದೊಡ್ಡದಾಗುತ್ತಿತ್ತು. ಮುಟ್ಟಿ ಬಿಟ್ಟರು, ಕುಣಿತಕ್ಕೆ ಹೊರಟರು ಎಂದು ನನ್ನ ತೀರ್ಪು. ಇಬ್ಬರ ವಾದವೂ ಅರ್ಧರ್ಧ ಗೆದ್ದಿತು, ಇಬ್ಬರಿಗೂ ಸಮಾಧಾನವಾಗಲಿಲ್ಲ.

ಇಷ್ಟರಲ್ಲಿ ಸಾಕ್ಷಿಗಳು ‘ಮುಂಜ್ಯಾ’ ತಮ್ಮದೆಂದು ಹೆಮ್ಮೆಯಿಂದ ಹೇಳಿದರು. ಮುಂಜಿಯಾದ ಹೊಸತರಲ್ಲಿ ಸತ್ತ ಹುಡುಗನ ಪ್ರೇತ ಅರಳಿಮರದಲ್ಲಿ ನಿಲ್ಲುತ್ತದೆಂಬುದು ಅವರ ಕೊಂಕಣದ ಮಾತು. ಮೊಮ್ಮಗ ನನ್ನ ಕಡೆ ತಿರುಗಿ, “ಹಾಗಾದರೆ ಅಜ್ಜ, ನಮ್ಮದು ಯಾವುದು?” ಎಂದ. “ಸ್ತ್ರೀ,” ಎಂದೆ. ಅವನು ನಂಬಲಿಲ್ಲ.

ನಮ್ಮ ಓದುಗರಲ್ಲಿ ಹಲವರಿಗೆ ನೆನಪಿರಬೇಕು. 1990ರ ದಶಕದಲ್ಲಿ ಬೆಂಗಳೂರಿನ ಮತ್ತು ಆ ಸೀಮೆಯ ಹಳ್ಳಿಗಳ ಮನೆಬಾಗಿಲಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ದೆವ್ವವೊಂದು ಬಂದು ಕದ ತಟ್ಟಿ, ಮನೆಯವರ ಆಪ್ತರ ದನಿಯಲ್ಲಿಯೇ ಕರೆಯುತ್ತದೆ, ತೆರೆದವರು ಉಳಿಯುವುದಿಲ್ಲ ಎಂಬ ಸುದ್ದಿ. ಬರಹ ಕಂಡ ದೆವ್ವ, ಆಗಲಿ ನಾಳೆಯೇ ಬರೋಣವೆಂದು ಹಿಂದಿರುಗುವುದು. ಮರುದಿನ ಬಂದರೆ ಮತ್ತೆ ಅದೇ ಬರಹ. ಸಾಲಗಾರನು ಸಾಹುಕಾರನಿಗೆ ಹೇಳುವ ಉಪಾಯ! ಆ ಬರಹವೇ ‘ಸ್ತ್ರೀ’ ಚಿತ್ರದ ಬೀಜ. ಕಥೆ ಕಟ್ಟಿದ ರಾಜ್ ಮತ್ತು ಡಿ.ಕೆ. ಅದನ್ನು ಚಂದೇರಿಗೆ ಒಯ್ದು ಹಿಂದಿಯಲ್ಲಿ ಬರೆಸಿದರು. ಏಳು ವರ್ಷಗಳಿಂದ ನಮ್ಮ ಮಕ್ಕಳು ಹಿಂದಿಯಲ್ಲಿ ಕುಣಿದು ಕೂಗಿದ ಮಾತು ಮೊದಲು ಕನ್ನಡದ ಗೋಡೆಯ ಮೇಲಿತ್ತು.

“ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತೇ?” ಎಂದ ಮೊಮ್ಮಗ. ಬರುತ್ತಿತ್ತಪ್ಪ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಕನ್ನಡ ಆಡುತ್ತಾನೆ, ಅಕ್ಷರ ಬಾರದು. ಮುಂಬಯಿ ಪಾಲಿಕೆಯ ಕನ್ನಡ ಶಾಲೆಯಲ್ಲಿ ನಾನು ಕಲಿತೆ, ನನ್ನ ಮಗ ಕಲಿತದ್ದು ಇಂಗ್ಲಿಷಿನಲ್ಲಿ, ಸೊಸೆ ಸಾತಾರೆಯವಳು. ಈ ಮನೆಯಲ್ಲಿ ಆ ದೆವ್ವಕ್ಕಿಂತ ಹೆಚ್ಚು ಕನ್ನಡ ಓದಿದವರು ಇಬ್ಬರೇ ಉಳಿದಿದ್ದೇವೆ. ಮೊಮ್ಮಗ ಕಾಗದ ತಂದು ಮುಂದಿಟ್ಟ. ಮೂರೇ ಅಕ್ಷರ: ನಾ, ಳೆ, ಬಾ. ನಾಲ್ಕಾರು ಸಲ ತಿದ್ದಿದ. ‘ಳೆ’ ಬರೆಯಲು ಬಹಳ ಒದ್ದಾಡಿದ. ಮರುದಿನ ಮುಂಜಾನೆ ಆ ಕಾಗದ ಅವನ ಕೋಣೆಯ ಬಾಗಿಲ ಮೇಲಿತ್ತು. ಟ್ಯೂಶನ್ನಿಗೆ ಎಬ್ಬಿಸಲು ಬರುವ ತಾಯಿಗೆ ಅಂಟಿಸಿದ್ದು. ಸೊಸೆ ಏನಿದೆಂದು ಕೇಳಿ, ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿ, ಬಾಗಿಲು ತಟ್ಟಿಯೇ ತಟ್ಟಿದಳು. ನಮ್ಮ ದೆವ್ವದಷ್ಟು ಮರ್ಯಾದೆ ತಾಯಂದಿರಿಗಿಲ್ಲ.

ಈ ಮಾತನ್ನು ವಾಚಕರ ಮುಂದಿಡುವ ಉದ್ದೇಶವಿಷ್ಟೇ. ಊರು ಬಿಟ್ಟು ಬರುವಾಗ ನಮ್ಮ ಹಿರಿಯರು ದೇವರನ್ನು ತಂದರು, ಉಪ್ಪಿನಕಾಯಿಯ ಭರಣಿ ತಂದರು; ದೆವ್ವಗಳನ್ನೂ ತಂದಿದ್ದಾರೆ, ಹೇಳುವವರಿಲ್ಲದೆ ಅವು ಮೂಲೆಯಲ್ಲಿ ಕುಳಿತಿವೆ. ಸಿನಿಮಾದವರು ಬಂದು ಒಯ್ದರೆ ಒಯ್ಯಲಿ, ಒಯ್ದ ಮೇಲೆ ಚೆನ್ನಾಗಿ ಹೇಳಲಿಲ್ಲವೆಂದು ಮಕ್ಕಳು ಜಗಳವಾಡಲಿ. ಜಗಳವಾಡುವಷ್ಟು ಕಾಲ ಕಥೆ ಬದುಕಿರುತ್ತದೆ. ಆದರೆ ಮನೆಯಲ್ಲಿ ಮೊದಲು ನಾವು ಹೇಳಿರಬೇಡವೇ? ನಿಮ್ಮ ಊರಿನ ಆಲದ ಮರದಲ್ಲಿ, ಹಾಳು ಬಾವಿಯಲ್ಲಿ, ಸಂಕದ ಕೆಳಗೆ ಯಾರಿದ್ದರೋ ಅವರ ಸಮಾಚಾರವನ್ನು ಸಂಘದ ಮುಂದಿನ ಕೌಟುಂಬಿಕ ಕೂಟದಲ್ಲಿ ಮಕ್ಕಳಿಗೆ ಹೇಳಿ. ದೀಪ ಸ್ವಲ್ಪ ಸಣ್ಣದು ಮಾಡಲು ಕಾರ್ಯದರ್ಶಿಗಳಿಗೆ ನಾನು ಹೇಳುತ್ತೇನೆ. ಈ ಒಂದು ಕೆಲಸಕ್ಕೆ ಮಾತ್ರ ‘ನಾಳೆ ಬಾ’ ಎನ್ನಬೇಡಿ.