ನಿಂತ ಪೆಟ್ಟಿಗೆಯ ಬೆಲೆ

ಮನುಷ್ಯನಿಗೆ ಒಂದಾದರೂ ಹುಚ್ಚಿರಬೇಕೆಂದು ಬಲ್ಲವರು ಹೇಳುತ್ತಾರೆ. ಆದರೆ ಆ ಹುಚ್ಚು ನಾಲ್ಕಡಿ ಎತ್ತರವಿದ್ದು ನಾಲ್ವರು ಹೊರುವಷ್ಟು ಭಾರವಾಗಿರಬಾರದು ಎಂಬುದು ನನ್ನ ಮನೆಯಾಕೆಯ ತಿದ್ದುಪಡಿ. ನನ್ನ ಹುಚ್ಚು ಹಳೆಯ ಗ್ರಾಮಾಫೋನುಗಳದು. ಅದರಲ್ಲಿಯೂ ಕಪಾಟಿನಂತೆ ನೆಲದ ಮೇಲೆ ನೆಟ್ಟಗೆ ನಿಲ್ಲುವಂಥವುಗಳದು. ಹಳಗನ್ನಡ ಪಾಠ ಹೇಳುವವನಿಗೆ ಇದೇಕೆ ಎಂದು ಕೇಳುವವರುಂಟು. ಎರಡೂ ತಾಳ್ಮೆಯಿಂದ ಕಿವಿಗೊಟ್ಟವರೊಡನೆ ಮಾತ್ರ ಮಾತನಾಡುತ್ತವೆ ಎಂಬುದೇ ನನ್ನ ಉತ್ತರ.

ಈ ವಿದ್ಯೆಗೆ ನಾನು ತೆತ್ತ ಗುರುದಕ್ಷಿಣೆ ಸಣ್ಣದಲ್ಲ. ಕೆಲವು ವರ್ಷಗಳ ಹಿಂದೆ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ, ಥಳಥಳಿಸುವ ಹಿತ್ತಾಳೆಯ ಕಹಳೆಗೆ ಮರುಳಾಗಿ, ಅರ್ಧ ತಿಂಗಳ ಸಂಬಳ ಸುರಿದು ಯಂತ್ರವೊಂದನ್ನು ತಂದೆ. ಗಡಿಯಾರ ರಿಪೇರಿಯ ಗೆಳೆಯರೊಬ್ಬರು ಅದನ್ನು ಬಿಚ್ಚಿ ನೋಡಿ ನಕ್ಕರು. ಕಹಳೆ ಹೊಸದು, ಪೆಟ್ಟಿಗೆ ಹೊಸದು, ನಾಯಿಯ ಚಿತ್ರ ಮೊನ್ನೆ ಅಂಟಿಸಿದ್ದು. ಒಳಗಿನ ಮೋಟಾರು ಮಾತ್ರ ಯಾವುದೋ ಮುರಿದ ಕೈಪೆಟ್ಟಿಗೆಯ ಗ್ರಾಮಾಫೋನಿನದು. "ಕಹಳೆ ಕಂಡೊಡನೆ ಕೊಳ್ಳುವವರಿದ್ದಾರೆ, ಆದ್ದರಿಂದ ಕಹಳೆ ಮಾಡುವವರೂ ಇದ್ದಾರೆ, ಸ್ವಾಮಿ. ನಿಂತ ಪೆಟ್ಟಿಗೆಯನ್ನು ಹುಡುಕಿ. ಅದನ್ನು ನಕಲು ಮಾಡುವಷ್ಟು ಶ್ರಮ ಯಾರೂ ಪಡುವುದಿಲ್ಲ" ಎಂದರು.

ಅಂದಿನಿಂದ ನಿಂತ ಪೆಟ್ಟಿಗೆಗಳ ಚರಿತ್ರೆಯನ್ನು ಓದತೊಡಗಿದೆ. ಎಡಿಸನ್ 1877ರಲ್ಲಿ ಧ್ವನಿಯನ್ನು ಹಿಡಿದದ್ದು ಉರುಳೆಯ ಮೇಲೆ. ಚಪ್ಪಟೆಯ ತಟ್ಟೆಗೆ ಬರ್ಲಿನರ್ 1887ರಲ್ಲಿ ದಾರಿ ತೋರಿದ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ಹಾಡುಗಳು ಅಂಥ ತಟ್ಟೆಗಳನ್ನೇರಿದುವು. ಹಗಲಿಡೀ ಬಾಯ್ದೆರೆದು ನಿಂತ ಕಹಳೆ ನಡುಮನೆಗೆ ಶೋಭೆಯಲ್ಲವೆಂದು ಅಮೆರಿಕದ ವಿಕ್ಟರ್ ಕಂಪನಿ 1906ರಲ್ಲಿ ಅದನ್ನು ಪೆಟ್ಟಿಗೆಯ ಹೊಟ್ಟೆಯೊಳಗೆ ಅಡಗಿಸಿತು. ಮೇಲೆ ಮುಚ್ಚಳ, ನಡುವೆ ಕಹಳೆ, ಕೆಳಗೆ ಪ್ಲೇಟುಗಳಿಗೆ ಗೂಡು. ಕಹಳೆಯ ಮುಂದೆ ಎರಡು ಪುಟ್ಟ ಬಾಗಿಲು: ತೆರೆದರೆ ದನಿ ದೊಡ್ಡದು, ಮುಚ್ಚಿದರೆ ಮೆಲ್ಲನೆಯದು.

ಇವುಗಳಲ್ಲಿ ವಿಚಿತ್ರಗಳೂ ಉಂಟು. ಎಡಿಸನ್ನನ 1912ರ ತಟ್ಟೆಯಂತ್ರದಲ್ಲಿ ವಜ್ರದ ಮೊನೆ ಅಕ್ಕಪಕ್ಕಕ್ಕೆ ಓಲಾಡದೆ ಮೇಲೆ ಕೆಳಗೆ ಕುಣಿಯುತ್ತದೆ. ಪಾಥೆ ಕಂಪನಿಯ ಮೊದಮೊದಲ ತಟ್ಟೆಗಳಲ್ಲಿ ಹಾಡು ನಡುವಿನಿಂದ ಹೊರಟು ಅಂಚಿಗೆ ಬಂದು ಮುಗಿಯುತ್ತದೆ. 1925ರಲ್ಲಿ ವಿದ್ಯುತ್ತಿನಿಂದ ಧ್ವನಿ ಮುದ್ರಿಸುವ ಕ್ರಮ ಬಂದಾಗ ಹಳೆಯ ಕಹಳೆಗಳು ಸಾಲದೆ ಹೋದವು. ಆಗ ಉದ್ದನೆಯ ಕಹಳೆಯನ್ನು ಮಡಿಚಿ ಮಡಿಚಿ ಪೆಟ್ಟಿಗೆಯೊಳಗೆ ಹುದುಗಿಸಿದರು.

ಹಳೆಯದಾದುದೆಲ್ಲ ಬೆಲೆಯುಳ್ಳದ್ದಲ್ಲ. ಸಾಧಾರಣ ನಿಂತ ಪೆಟ್ಟಿಗೆಗಳು ಲೆಕ್ಕವಿಲ್ಲದಷ್ಟು ತಯಾರಾದವು. ಇಡಲು ಜಾಗವಿಲ್ಲದ ಈ ಕಾಲದಲ್ಲಿ ಅವಕ್ಕೆ ಗಿರಾಕಿಗಳು ಕಡಮೆ. ಬೆಲೆ ಕಟ್ಟುವವನು ಮೊದಲು ನೋಡಬೇಕಾದದ್ದು ಮಾದರಿ ಅಪರೂಪವೇ, ಅಂಗಾಂಗಗಳೆಲ್ಲ ಹುಟ್ಟಿನೊಡನೆ ಬಂದವೇ ಎಂಬುದನ್ನು. ಸತುವಿನ ಮಿಶ್ರಲೋಹದ ಭಾಗಗಳು ಉಬ್ಬಿ ಬಿರುಕು ಬಿಟ್ಟಿವೆಯೇ, ಸೌಂಡ್ ಬಾಕ್ಸಿನ ರಬ್ಬರು ಕಲ್ಲಾಗಿದೆಯೇ ಎಂದು ಆಮೇಲೆ ನೋಡಬೇಕು. ಮೂಲದ ಬಣ್ಣವನ್ನು ಕೆರೆದು ಹೊಸ ಪಾಲಿಷ್ ಬಳಿದಿದ್ದರೆ ಹೊಳಪು ಏರುತ್ತದೆ, ಬೆಲೆ ಇಳಿಯುತ್ತದೆ.

ಇಷ್ಟು ಕಲಿತಿದ್ದಾಗ ಮೈಸೂರಿನ ಹಳೆಯ ಬಡಾವಣೆಯೊಂದರಿಂದ ಕರೆ ಬಂತು. ಎಂಬತ್ತು ದಾಟಿದ ಅಜ್ಜಿ. ಗತಿಸಿದ ಯಜಮಾನರು ಹೈಸ್ಕೂಲು ಉಪಾಧ್ಯಾಯರಾಗಿದ್ದವರು. ನಡುಮನೆಯ ಮೂಲೆಯಲ್ಲಿ, ಅವರ ಮಾವನವರು ತಂದದ್ದೆಂಬ ಪೆಟ್ಟಿಗೆ. ಬಾಗಿಲು ತೆರೆದು, ಮುಚ್ಚಳ ಎತ್ತಿ ನೋಡಿದೆ; ಎದೆ ಡವಗುಟ್ಟಿತು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯ 193ನೆಯ ಮಾದರಿ. ಆ ಮಡಿಚಿದ ಕಹಳೆಯ ವಂಶದ್ದು. ಒಂದು ತಿರುಪೂ ಬದಲಾಗಿರಲಿಲ್ಲ. ಅಜ್ಜಿ ಹೊಸ ಮುಳ್ಳು ಸಿಕ್ಕಿಸಿ, ಕೀಲಿ ಕೊಟ್ಟು, ಚೌಡಯ್ಯನವರ ಪಿಟೀಲಿನ ಪ್ಲೇಟು ಹಾಕಿದರು. ಮೂಲೆಯಲ್ಲಿ ಯಾರೋ ಬಂದು ಕುಳಿತು ನುಡಿಸಿದಂತಾಯಿತು.

"ಮಗನಿಗೆ ಜಾಗ ಬೇಕಂತೆ, ಮೇಷ್ಟ್ರೇ. ಮರದ ಬೆಲೆ ಕೊಟ್ಟು ತೆಗೆದುಕೊಂಡು ಹೋಗಿ. ಹೊರಿಸುವಾಗ ಮಾತ್ರ ನಾನು ದೇವಸ್ಥಾನಕ್ಕೆ ಹೋದ ಹೊತ್ತಿಗೆ ಬನ್ನಿ" ಎಂದರು ಅಜ್ಜಿ.

ಮರದ ಬೆಲೆ! ಬಲ್ಲವರ ನಡುವೆ ಅದು ಲಕ್ಷ ರೂಪಾಯಿ ದಾಟುವ ಪದಾರ್ಥ. ನಾಳೆ ಬರುತ್ತೇನೆಂದು ಹೇಳಿ ಮನೆಗೆ ಬಂದು, ಸಂಭ್ರಮದಿಂದ ಎಲ್ಲವನ್ನೂ ಹೆಂಡತಿಗೆ ಹೇಳಿದೆ. ನಾನೇನೂ ಸುಳ್ಳು ಹೇಳಿಲ್ಲ, ಅವರು ಕೇಳಲಿಲ್ಲ, ಅಷ್ಟೇ ಎಂದು ಸಮರ್ಥನೆಯನ್ನೂ ಸೇರಿಸಿದೆ. ಅವಳು ಬೀನ್ಸ್ ಹೆಚ್ಚುತ್ತ, ತಲೆ ಎತ್ತದೆ, "ನಿಮಗೆ ಆ ಕಹಳೆ ಮಾರಿದನಲ್ಲ, ಅವನೂ ಸುಳ್ಳು ಹೇಳಿರಲಿಲ್ಲ ಅಲ್ಲವೇನ್ರೀ?" ಎಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಹೋಗಿ, ಅಜ್ಜಿಗೂ ಮಗನಿಗೂ ನಿಜವಾದ ಬೆಲೆ ತಿಳಿಸಿದೆ. ಮಗ ನನ್ನನ್ನು ಸತ್ಯಹರಿಶ್ಚಂದ್ರನೆಂದು ಕೊಂಡಾಡಿದ. ಹಿಂದಿರುಗುವಾಗ ನನಗೂ ಹಾಗೆಯೇ ಅನ್ನಿಸಿತು.

ತಿಂಗಳ ಮೇಲೆ ಆ ದಾರಿಯಲ್ಲಿ ಹೋದವನು ಒಳಗೆ ಇಣುಕಿದೆ. ಪೆಟ್ಟಿಗೆ ಮೂಲೆಯಲ್ಲಿಯೇ ಇತ್ತು. ಮೇಲೆ ಹೊದಿಕೆ, ಮುಚ್ಚಳಕ್ಕೆ ಬೀಗ. ಒಳ್ಳೆಯ ಗಿರಾಕಿ ಬರುವವರೆಗೆ ಯಾರೂ ಮುಟ್ಟಕೂಡದೆಂದು ಮಗನ ಅಪ್ಪಣೆ. ಅಜ್ಜಿ ಕಾಫಿ ಕೊಟ್ಟು ಮೆಲ್ಲನೆ, "ಎಂಥ ಉಪಕಾರ ಮಾಡಿದಿರಿ, ಮೇಷ್ಟ್ರೇ! ಮರದ ಪೆಟ್ಟಿಗೆಯಾಗಿದ್ದಾಗ ಹಾಡುತ್ತಿತ್ತು. ಬಂಗಾರದ್ದಾದ ಮೇಲೆ ಮೂಗಿಯಾಯಿತು" ಎಂದರು.

ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ವಸ್ತುವಿನ ಬೆಲೆಯನ್ನು ಹೇಳಿದ್ದೆ. ಅದು ಯಾರಿಗೆ ಏನಾಗಿತ್ತೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸಂಜೆ ಮಗ ಬರುವವರೆಗೆ ಕಾದು ಕುಳಿತೆ. "ನೋಡಿ, ಒಳಗಿನ ಸ್ಪ್ರಿಂಗಿಗೆ ಗ್ರೀಸ್ ಹಚ್ಚಿರುತ್ತಾರೆ. ಯಂತ್ರ ಸುಮ್ಮನೆ ನಿಂತರೆ ಅದು ಗಟ್ಟಿಯಾಗಿ ಮೋಟಾರು ಹಿಡಿದುಕೊಳ್ಳುತ್ತದೆ. ಹಾಡದ ಯಂತ್ರಕ್ಕೆ ಬೆಲೆ ಕಡಮೆ. ಆಗಾಗ ಕೀಲಿ ಕೊಟ್ಟು ಓಡಿಸುತ್ತಿರಬೇಕು, ಅದರ ಹದ ಬಲ್ಲವರು ನಿಮ್ಮ ತಾಯಿಯವರು" ಎಂದೆ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆತ ತುಸು ಯೋಚಿಸಿ, ಬೀಗದ ಕೈಯನ್ನು ತಾಯಿಯ ಕೈಗಿತ್ತ.

ಆ ಪೆಟ್ಟಿಗೆ ಇಂದಿಗೂ ನನ್ನದಾಗಿಲ್ಲ. ಆಗುವಷ್ಟು ಹಣವೂ ನನ್ನಲ್ಲಿಲ್ಲ. ಶನಿವಾರ ಸಂಜೆ ಒಮ್ಮೊಮ್ಮೆ ಹೋಗುತ್ತೇನೆ. ಬೀದಿಯವರಿಗೆ ತೊಂದರೆಯಾಗಬಾರದೆಂದು ಅಜ್ಜಿ ಪುಟ್ಟ ಬಾಗಿಲುಗಳನ್ನು ಅರ್ಧ ಮಾತ್ರ ತೆರೆಯುತ್ತಾರೆ. ನಮ್ಮಿಬ್ಬರಿಗೆ ಅಷ್ಟೇ ಸಾಕು.