ಅಟ್ಟದಿಂದ ಇಳಿದ ಕಾಫಿ ಪಾತ್ರೆ

ನಮ್ಮ ಮನೆಯಲ್ಲಿ 42 ವರ್ಷಗಳಿಂದ ಬೆಳಗಿನ ಕಾಫಿ ನನ್ನದೇ. ರಾತ್ರಿ ಮಲಗುವ ಮುಂಚೆ ಹಿತ್ತಾಳೆ ಫಿಲ್ಟರಿಗೆ ಪುಡಿ ಹಾಕಿ, ಒತ್ತಿ, ಕುದಿಯುವ ನೀರು ಸುರಿದಿಟ್ಟರೆ ಬೆಳಿಗ್ಗೆ 5 ಗಂಟೆಗೆ ಗಟ್ಟಿ ಡಿಕಾಕ್ಷನ್ ಸಿದ್ಧ. ಮಂಡಿನೋವು ಶುರುವಾದ ಮೇಲೆ ಅಡುಗೆ, ತರಕಾರಿ ತರುವುದು ಎಲ್ಲ ಸೊಸೆಯ ಪಾಲಿಗೆ ಹೋಯಿತು. ನನಗೆ ಉಳಿದದ್ದು ಕಾಫಿ ಒಂದೇ.

ಮೂರು ವರ್ಷದ ಹಿಂದೆ ಮಗ ಕೆಲಸದ ಮೇಲೆ ಇಟಲಿಗೆ ಹೋಗಿದ್ದವನು ಎಂಟು ಮೂಲೆಯ ಒಂದು ಅಲ್ಯೂಮಿನಿಯಂ ಪಾತ್ರೆ ತಂದ. "ಅಮ್ಮ, ಇದರಲ್ಲಿ ಐದೇ ನಿಮಿಷಕ್ಕೆ ಕಾಫಿ ಆಗುತ್ತೆ. ಇನ್ನು ನೀನು ಅಷ್ಟು ಬೇಗ ಏಳೋದೇ ಬೇಡ" ಎಂದ. ಆ ಮಾತು ನನಗೆ ಚುಚ್ಚಿತು. ಒಂದು ವಾರ ಬಿಟ್ಟು "ಅದು ಕೆಟ್ಟಿದೆ" ಎಂದು ಹೇಳಿ ಅಟ್ಟಕ್ಕೆ ಹಾಕಿಸಿದೆ.

ಈ ಬೇಸಿಗೆ ರಜೆಯಲ್ಲಿ ಆರನೇ ತರಗತಿಯ ಮೊಮ್ಮಗ ಕೇರಂ ಬೋರ್ಡ್ ಹುಡುಕಲು ಅಟ್ಟ ಹತ್ತಿದ. ಇಳಿಯುವಾಗ ಆ ಪಾತ್ರೆ ಅವನ ಕೈಯಲ್ಲಿತ್ತು.

"ಅಜ್ಜಿ, ಇದೇನು?"

"ಕೆಟ್ಟಿರೋ ಪಾತ್ರೆ ಕಣೋ."

ಅವನು ಬಿಡುತ್ತಾನೆಯೇ? ತಿರುಗಿಸಿ ಬಿಚ್ಚಿ, ಕೆಳಪಾತ್ರೆ, ಜಾಲರಿ, ಮೇಲ್ಪಾತ್ರೆ, ರಬ್ಬರ್ ರಿಂಗು ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಇಟ್ಟ. "ಎಲ್ಲಾ ಸರಿಯಾಗೇ ಇದೆಯಲ್ಲ ಅಜ್ಜಿ!" ನಾನು ಏನು ಹೇಳಲಿ? "ಹಾಗಾದರೆ ಮಾಡೇ ನೋಡೋಣ ಬಾ" ಎಂದೆ.

ಮಕ್ಕಳೇ, ಈ ಪಾತ್ರೆಯ ಹೆಸರು ಮೋಕಾ. 1933ರಲ್ಲಿ ಇಟಲಿಯ ಅಲ್ಫೋನ್ಸೋ ಬಿಯಾಲೆಟ್ಟಿ ಎಂಬವರು ಇದನ್ನು ಹೊರತಂದರು. ಮೋಕಾ ಎನ್ನುವುದು ಯೆಮನ್ ದೇಶದ ಒಂದು ಬಂದರು. ಬಾಬಾ ಬುಡನ್ ಅವರು ಏಳು ಕಾಫಿ ಬೀಜಗಳನ್ನು ಯೆಮನ್‌ನಿಂದಲೇ ತಂದು ನಮ್ಮ ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಎನ್ನುವ ಕಥೆಯನ್ನು ನೀವೂ ಕೇಳಿರುತ್ತೀರಿ. ಆ ಲೆಕ್ಕದಲ್ಲಿ ಈ ಪಾತ್ರೆ ನಮಗೂ ದೂರದ ನೆಂಟ.

ನಮ್ಮ ಫಿಲ್ಟರಿನಲ್ಲಿ ನೀರು ಮೇಲಿನಿಂದ ಕೆಳಗೆ ತೊಟ್ಟಿಕ್ಕುತ್ತದೆ. ಇದರಲ್ಲಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಕೆಳಪಾತ್ರೆಯ ನೀರು ಕಾದು ಆವಿಯ ಒತ್ತಡ ಹೆಚ್ಚಿದಾಗ, ಆ ಒತ್ತಡವೇ ಬಿಸಿನೀರನ್ನು ಪುಡಿಯ ಮೂಲಕ ಮೇಲಕ್ಕೆ ತಳ್ಳುತ್ತದೆ. ಬದಿಯಲ್ಲಿ ಕುಕ್ಕರಿಗೆ ಇರುವಂತೆ ಪುಟ್ಟ ಸೇಫ್ಟಿ ವಾಲ್ವ್ ಇದೆ. ನೀರು ಅದಕ್ಕಿಂತ ಕೆಳಗೇ ಇರಬೇಕು.

ಮೊದಲ ಸಲ ಕೆಟ್ಟದ್ದು ನನ್ನಿಂದಲೇ. ಅಭ್ಯಾಸಬಲದಿಂದ ಚಿಕೋರಿ ಬೆರೆತ ನುಣುಪು ಪುಡಿಯನ್ನು ಹಾಕಿ ಗಟ್ಟಿಯಾಗಿ ಒತ್ತಿಬಿಟ್ಟೆ. ನೀರು ಮೇಲೇರಲು ದಾರಿಯೇ ಇಲ್ಲ. ವಾಲ್ವಿನಿಂದ ಬುಸ್ಸೆಂದು ಆವಿ ಬಂತು. ತಕ್ಷಣ ಒಲೆ ಆರಿಸಿ, ಪಾತ್ರೆ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿದೆವು. ಮರುದಿನ ಕಾಫಿಪುಡಿ ಅಂಗಡಿಯಲ್ಲಿ ಚಿಕೋರಿ ಇಲ್ಲದ, ಸ್ವಲ್ಪ ತರಿಯಾದ ಪುಡಿ ಕೇಳಿ ತಂದೆವು. ಒತ್ತದೆ ಸಮನಾಗಿ ತುಂಬಿ, ಸಣ್ಣ ಉರಿಯಲ್ಲಿ ಇಟ್ಟೆ. ಕಪ್ಪು ಡಿಕಾಕ್ಷನ್ ಮೆಲ್ಲಗೆ ಉಕ್ಕಿ ಬಂತು. ಗೊರಗೊರ ಸದ್ದು ಶುರುವಾದೊಡನೆ ಇಳಿಸಿದೆ. ಬಿಟ್ಟರೆ ಕಹಿಯಾಗುತ್ತದೆ.

"ಕ್ಯಾಪುಚಿನೋಗೆ ನೊರೆ ಬೇಕಲ್ಲ ಅಜ್ಜಿ, ನಮ್ಮ ಹತ್ತಿರ ಮಷೀನ್ ಇಲ್ಲ" ಎಂದ ಮೊಮ್ಮಗ. ನಾನು ಚಿಕ್ಕ ಕಡಗೋಲು ತೆಗೆದುಕೊಟ್ಟೆ! ಕುದಿಯಲು ಬಿಡದೆ ಬಿಸಿ ಮಾಡಿದ ಹಾಲನ್ನು ಆಳದ ಪಾತ್ರೆಗೆ ಹಾಕಿ ಕಡೆಯಲು ಹೇಳಿದೆ. ಎರಡೇ ನಿಮಿಷಕ್ಕೆ ನೊರೆ ತುಂಬಿತು. ಒಂದು ಪಾಲು ಡಿಕಾಕ್ಷನ್, ಒಂದು ಪಾಲು ಹಾಲು, ಮೇಲೆ ಒಂದು ಪಾಲು ನೊರೆ. ಕಪೂಚಿನ್ ಎಂಬ ಕ್ರೈಸ್ತ ಸನ್ಯಾಸಿಗಳ ಕಂದು ನಿಲುವಂಗಿಯ ಬಣ್ಣದಿಂದ ಈ ಕಾಫಿಗೆ ಹೆಸರು ಬಂದಿದೆ. ಮೊಮ್ಮಗನ ಲೋಟಕ್ಕೆ ಬರೀ ನೊರೆ ಹಾಲು, ಬೆಲ್ಲ.

ಸಂಜೆ ಮಗನ ಕೈಗೆ ಕಪ್ಪು ಕೊಟ್ಟೆ. ಒಂದು ಗುಟುಕು ಕುಡಿದು, "ಅಮ್ಮ, ಅದು ಕೆಟ್ಟಿದೆ ಅಂದಿದ್ದೆಯಲ್ಲ?" ಎಂದ.

ಮೊಮ್ಮಗ ನನ್ನ ಮುಖ ನೋಡಿದ, ಬಾಯಿ ಬಿಡಲಿಲ್ಲ. ಅವನು ಸುಳ್ಳು ಹೇಳಿದಾಗಲೆಲ್ಲ ಬುದ್ಧಿ ಹೇಳುವವಳು ನಾನೇ. ಈಗ ಅವನು ನನಗೋಸ್ಕರ ಸುಮ್ಮನಿದ್ದ. ನನಗೆ ತಡೆಯಲಾಗಲಿಲ್ಲ.

"ಕೆಟ್ಟಿರಲಿಲ್ಲ ಕಣಪ್ಪ. ನಾನೇ ಸುಳ್ಳು ಹೇಳಿದ್ದೆ. ಇದು ಬಂದರೆ ನನ್ನ ಕಾಫಿ ಯಾರಿಗೂ ಬೇಡವಾಗುತ್ತೆ ಅಂತ ಹೆದರಿಕೆಯಾಯ್ತು."

ಮಗ ಕಪ್ಪು ಕೆಳಗಿಟ್ಟ. "ಚಳಿಯಲ್ಲಿ ಮಂಡಿ ಹಿಡ್ಕೊಂಡು ನೀನು ಏಳೋದು ನೋಡೋಕಾಗದೆ ತಂದಿದ್ದಮ್ಮ. ಅಷ್ಟನ್ನ ಬಾಯಿಬಿಟ್ಟು ಹೇಳಬೇಕಿತ್ತು ನಾನು."

ಈಗಲೂ ಬೆಳಗಿನ ಫಿಲ್ಟರ್ ಕಾಫಿ ನನ್ನದೇ. ಆದರೆ ಏಳುವುದು 6 ಗಂಟೆಗೆ. ಭಾನುವಾರ ಸಂಜೆ ಮೋಕಾ ಪಾತ್ರೆಯ ಸರದಿ. ಒಲೆ ನನ್ನದು, ಕಡಗೋಲು ಮೊಮ್ಮಗನದು.

"ಅಟ್ಟದ ಮೇಲೆ ಇನ್ನೂ ಏನೇನಿದೆ ಅಜ್ಜಿ?" ಎಂದು ಮೊನ್ನೆ ಕೇಳಿದ.

"ಹತ್ತಿ ನೋಡು. ಈ ಸಲ ಏನು ಕೇಳಿದರೂ ನಿಜವೇ ಹೇಳ್ತೀನಿ" ಎಂದೆ.