ಶಿರಂಗಾಲದ ಹೊಳೆಯಲ್ಲಿ ತಲೆ ಎಣಿಕೆ

ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ ದಾಟಿ ಉತ್ತರಕ್ಕೆ ಸಾಗಿದರೆ ಆ ದಿಕ್ಕಿಗೆ ಕೊಡಗಿನ ಕೊನೆಯ ಊರು ಶಿರಂಗಾಲ. ಕೊಡಗು ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವ ಕಾಫಿ ತೋಟ, ಮಂಜು ಮುಸುಕಿದ ಗುಡ್ಡ ಇಲ್ಲಿ ಹುಡುಕಬೇಡಿ. ಬಯಲು ನೆಲ, ಭತ್ತ, ಮುಸುಕಿನ ಜೋಳ, ಶುಂಠಿ. ಪಕ್ಕದಲ್ಲೇ ಕಾವೇರಿ. ಆಚೆ ದಡ ಮೈಸೂರು ಜಿಲ್ಲೆ, ಮುಂದಿನ ದಾರಿ ಹಾಸನ ಜಿಲ್ಲೆಯ ಕೊಣನೂರು, ರಾಮನಾಥಪುರಕ್ಕೆ. ತಲಕಾವೇರಿಯಲ್ಲಿ ಹುಟ್ಟಿದ ಹೊಳೆ ಕೊಡಗಿಗೆ ಸಲಾಂ ಹೇಳಿ ಹೊರಡುವುದು ಇಲ್ಲಿಂದಲೇ.

ಏಪ್ರಿಲ್ ರಜೆಯಲ್ಲಿ ತಂಗಿಯ ಮನೆಗೆಂದು ಹೋಗಿದ್ದೆ. ಮನೆ ತುಂಬ ಮಕ್ಕಳು. ಮಧ್ಯಾಹ್ನದ ಊಟ ಮುಗಿಯುವುದೇ ತಡ, ಎಲ್ಲರಿಗೂ ಹೊಳೆಗೆ ಹೋಗುವ ಆತುರ. ಅಂದು ಅವರ ಜೊತೆ ಹೊರಟವಳು ತಂಗಿಯ ಮಗಳು. ಹಿಂದಿನ ಬೇಸಿಗೆಯಲ್ಲಿ ಅಮೆರಿಕದ ಒಂದು ಮಕ್ಕಳ ಶಿಬಿರದಲ್ಲಿ ಕೌನ್ಸೆಲರ್ ಆಗಿ ದುಡಿದು ಬಂದವಳು. ನಾನೂ ಹಿಂದೆಯೇ ನಡೆದೆ.

ದಡ ತಲುಪಿದವಳು ಮೊದಲು ಮಾಡಿದ್ದೇನು ಗೊತ್ತೇ? ಮಕ್ಕಳನ್ನು ಎಣಿಸಿದಳು. ಹನ್ನೆರಡು. ಇಬ್ಬಿಬ್ಬರನ್ನು ಜೋಡಿ ಮಾಡಿದಳು. ಮೊಣಕಾಲಿಗಿಂತ ಆಳಕ್ಕೆ ಯಾರೂ ಇಳಿಯಬಾರದೆಂದು ಹೇಳಿ, ಕೋಲಿನಿಂದ ತಳ ಮುಟ್ಟಿ ನೋಡಿ ಜಾಗ ತೋರಿಸಿದಳು. ಹತ್ತು ನಿಮಿಷಕ್ಕೊಮ್ಮೆ ಸೀಟಿ. ಸೀಟಿ ಕೇಳಿದೊಡನೆ ಪ್ರತಿ ಜೋಡಿಯೂ ಕೈ ಕೈ ಹಿಡಿದು ಮೇಲೆತ್ತಬೇಕು. ಆಕೆ ಎಣಿಸಬೇಕು. ಮಕ್ಕಳಿಗೆ ಇದೊಂದು ಆಟ. ನನಗೆ ಮಾತ್ರ ಎದೆ ಭಾರವಾಯಿತು.

ಕಾರಣ ಹೇಳುತ್ತೇನೆ. ನನಗೆ ಒಂಬತ್ತು ವರ್ಷವಿದ್ದಾಗ ಇಂಥದೇ ಒಂದು ರಜೆಯಲ್ಲಿ ಚಿಕ್ಕಪ್ಪನ ಮಗ ನಮ್ಮ ಕಣ್ಣೆದುರೇ ನೀರಿನಲ್ಲಿ ಹೋದ. ನಾವು ಏಳು ಮಕ್ಕಳಿದ್ದೆವು, ದಡದಲ್ಲಿ ಬಟ್ಟೆ ಒಗೆಯುವ ದೊಡ್ಡವರೂ ಇದ್ದರು. ಅವನು ಕೂಗಲಿಲ್ಲ, ಕೈ ಬೀಸಲಿಲ್ಲ. ಮುಳುಗು ಹಾಕಿ ಆಡುತ್ತಿದ್ದಾನೆಂದೇ ನಾವು ತಿಳಿದೆವು. "ಕೂಗಿದ್ದರೆ ಕೇಳುತ್ತಿತ್ತಲ್ಲಾ" ಎಂದು ಚಿಕ್ಕಮ್ಮ ಜೀವನವಿಡೀ ಹಲುಬಿದರು.

ಕೇಳುವುದಿಲ್ಲವಂತೆ. ತರಬೇತಿಯಲ್ಲಿ ತನಗೆ ಮೊದಲು ಕಲಿಸಿದ್ದೇ ಅದು ಎಂದಳು ಹುಡುಗಿ. ಮುಳುಗುವವರ ಬಾಯಿ ನೀರಿನ ಮೇಲೆ ಬರುವುದು ಕ್ಷಣ ಮಾತ್ರ. ಅಷ್ಟರಲ್ಲಿ ಉಸಿರೆಳೆದುಕೊಂಡರೆ ಹೆಚ್ಚು, ಕೂಗಲು ಪುರಸೊತ್ತೆಲ್ಲಿ? ಕೈಗಳು ತಾವಾಗಿಯೇ ನೀರನ್ನು ಕೆಳಗೆ ಒತ್ತುತ್ತವೆ, ಬೀಸಲು ಬರುವುದಿಲ್ಲ. ಒಂದು ನಿಮಿಷದೊಳಗೆ ಎಲ್ಲ ಮುಗಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಅವರಲ್ಲಿ ಸರಿಸುಮಾರು ಕಾಲು ಭಾಗ ಐದು ವರ್ಷದೊಳಗಿನ ಕಂದಮ್ಮಗಳು.

ಬೇಸಿಗೆ ಶಿಬಿರ ನಮಗೇನೂ ಹೊಸತಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದ ಹೆಸರು ನೀವು ಕೇಳಿರುತ್ತೀರಿ. ಆದರೆ ಅಲ್ಲಿಂದ ಸಂಜೆಗೆ ಮಗು ಮನೆಗೆ ಬರುತ್ತದೆ. ಅಮೆರಿಕದಲ್ಲಿ ವಾರಗಟ್ಟಲೆ ಕಾಡಿನ, ಕೆರೆಯ ನಡುವೆಯೇ ವಾಸ. 1861ರಲ್ಲಿ ಕನೆಕ್ಟಿಕಟ್‌ನ ಫ್ರೆಡರಿಕ್ ಗನ್ ಎಂಬ ಶಿಕ್ಷಕರು ತಮ್ಮ ಶಾಲೆಯ ಹುಡುಗರನ್ನು ಕಡಲ ತೀರದವರೆಗೆ ನಡೆಸಿಕೊಂಡು ಹೋಗಿ ಡೇರೆಯಲ್ಲಿರಿಸಿದ್ದೇ ಅಲ್ಲಿನ ಶಿಬಿರಗಳ ಆರಂಭ ಎನ್ನುತ್ತಾರೆ. ಕೌನ್ಸೆಲರ್ ಎಂದರೆ ಸಲಹೆ ಕೊಡುವವರಲ್ಲ. ಅಕ್ಕ, ಟೀಚರ್, ಕಾವಲುಗಾರ್ತಿ ಎಲ್ಲ ಒಬ್ಬಳೇ. ರಾತ್ರಿ ಅಮ್ಮ ಬೇಕೆಂದು ಅಳುವ ಮಗುವಿನ ಪಕ್ಕ ಕೂರುವುದೂ ಅವಳೇ. ಹೊರದೇಶದವರಿಗೆ ಜೆ-1 ಎಂಬ ವೀಸಾ ಬೇಕು. ವಯಸ್ಸು ಹದಿನೆಂಟಾಗಿರಬೇಕು, ಇಂಗ್ಲಿಷ್ ಬರಬೇಕು, ಹೆಚ್ಚೆಂದರೆ ನಾಲ್ಕು ತಿಂಗಳು. ಹಣ ಮಾಡುವ ಆಸೆಯಿಂದ ಹೋಗುವ ಕೆಲಸ ಇದಲ್ಲ. ಊಟ, ವಸತಿ, ಸ್ವಲ್ಪ ಕೈಖರ್ಚು, ಅಷ್ಟೆ. ಏಜೆಂಟ್ ಹೇಳಿದ್ದನ್ನು ಕೇಳಿ ಸಾಲ ಮಾಡಬೇಡಿ.

ತಂಗಿಗೆ ಇದ್ದ ಚಿಂತೆ ಬೇರೆ. ಊಟ, ನಮಾಝ್, ಉಡುಪು ಹೇಗೆ ಎಂದು. ನಮಾಝಿಗೆ ಸಮಯ ಸಿಕ್ಕಿತಂತೆ. ಮಾಂಸದ ಗೊಡವೆಗೆ ಹೋಗದೆ ಮೊಟ್ಟೆ, ಬ್ರೆಡ್, ಬೇಳೆಯಲ್ಲಿ ಕಳೆದಳಂತೆ. ನೀರಿಗೆ ಇಳಿಯುವಾಗ ಬುರ್ಕಿನಿ. ಲೆಬನಾನ್ ಮೂಲದ ಆಸ್ಟ್ರೇಲಿಯಾದ ಅಹೆದಾ ಝನೆಟ್ಟಿ ಎಂಬವರು 2004ರ ಸುಮಾರಿಗೆ ರೂಪಿಸಿದ ಉಡುಪು ಅದು. 2007ರಲ್ಲಿ ಸಿಡ್ನಿಯ ಕ್ರೊನುಲ್ಲಾ ಕಡಲತೀರದಲ್ಲಿ ಮಕ್ಕಾ ಲಾಲಾ ಎಂಬ ಯುವತಿ ಅದನ್ನು ಧರಿಸಿಯೇ ಜೀವರಕ್ಷಕಿಯಾದಳು. ನಮ್ಮ ಮನೆಗಳಲ್ಲಿ ಗಂಡು ಮಕ್ಕಳು ಹೇಗೋ ಈಜು ಕಲಿಯುತ್ತಾರೆ. ಹೆಣ್ಣುಮಕ್ಕಳು ದಡದಲ್ಲೇ ಉಳಿದು, ಆಪತ್ತು ಬಂದಾಗ ಕಿರುಚುವುದಷ್ಟೇ ಬಲ್ಲವರಾಗುತ್ತೇವೆ. ನಾನು ಅಂದು ಹಾಗೆಯೇ ಇದ್ದೆ.

ಶಿರಂಗಾಲದ ಹೊಳೆ ಬೇಸಿಗೆಯಲ್ಲಿ ಸಾಧುವಾಗಿ ಕಾಣುತ್ತದೆ. ಬಂಡೆಗಳ ನಡುವೆ ತಿಳಿನೀರು. ಆದರೆ ಹರಿವ ಹೊಳೆಯ ತಳ ವರ್ಷ ವರ್ಷ ಬದಲಾಗುತ್ತದೆ, ಕಳೆದ ವರ್ಷದ ಮೊಣಕಾಲುದ್ದದ ನೀರು ಈ ವರ್ಷ ಆಳದ ಮಡುವಾಗಿರಬಹುದು. ಮಳೆಗಾಲದಲ್ಲಂತೂ ಹತ್ತಿರ ಸುಳಿಯಲೇಬೇಡಿ. ಮೇಲೆ ಕೂಡಿಗೆಯಲ್ಲಿ ಹಾರಂಗಿ ಬಂದು ಕಾವೇರಿಗೆ ಸೇರುತ್ತದೆ. ಹಾರಂಗಿ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಮೋಡ ಇಲ್ಲದಿದ್ದರೂ ಹೊಳೆ ಏರುತ್ತದೆ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬಾರದು. ಕೋಲು, ಸೀರೆ, ದುಪ್ಪಟ್ಟಾ, ಖಾಲಿ ಕ್ಯಾನ್, ಏನಿದ್ದರೂ ಎಸೆಯಿರಿ.

ಮರುದಿನ ಮಧ್ಯಾಹ್ನ ಹುಡುಗಿಗೆ ತಲೆನೋವು. ಹೊಳೆಗೆ ಹೋಗುವುದು ಬೇಡ ಎಂದು ತಂಗಿ ಗದರಿದಳು. ಅಂಗಳದಲ್ಲಿ ಮಕ್ಕಳು ಆಗಲೇ ಜೋಡಿ ಜೋಡಿಯಾಗಿ ನಿಂತಿದ್ದರು. ತನ್ನ ಜೋಡಿ ಯಾರೆಂದು ಕಿರಿಯವನ ಜಗಳ. ನಾನು ಗೂಡಿನಲ್ಲಿದ್ದ ಸೀಟಿ ತೆಗೆದುಕೊಂಡು ಚಪ್ಪಲಿ ಮೆಟ್ಟಿದೆ.